ಹಿಲಾರಸ್ ಕೆತ್ತಿದ ಎರಡು ಮುಖದ ದೇವರು

ರೋಮಿನ ಟಂಕಸಾಲೆಯಲ್ಲಿ ಕಂಚಿನ ನಾಣ್ಯಕ್ಕೆ ಅಚ್ಚು ಕೆತ್ತುತ್ತಿದ್ದ ಗುಲಾಮ ಹಿಲಾರಸನಿಗೆ ದೇವರ ಮೇಲೆ ಎಳ್ಳಷ್ಟೂ ಭಕ್ತಿ ಇರಲಿಲ್ಲ. ಇದ್ದದ್ದೆಲ್ಲ ಅಧಿಕಾರಿಗಳ ಮೇಲೆ. ವರ್ಷಕ್ಕೊಬ್ಬ ಹೊಸ ಅಧಿಕಾರಿ ಬರುತ್ತಿದ್ದ. ಬಂದವನ ಮೋರೆ ನೋಡಿಕೊಂಡು ಇವನು ದೇವರಿಗೆ ಮೋರೆ ಕೆತ್ತುತ್ತಿದ್ದ. ಒಬ್ಬನ ಜೋಲುಗಲ್ಲ ಹರ್ಕ್ಯುಲಿಸನಿಗೆ ಬಂತು. ಇನ್ನೊಬ್ಬನ ಹೆಂಡತಿಯ ಉಬ್ಬುಹಲ್ಲು ಮಿನರ್ವ ದೇವಿಯ ತುಟಿಯನ್ನೇ ಎತ್ತಿಬಿಟ್ಟಿತು. ಆ ದೇವಿ ಏನು ಪಾಪ ಮಾಡಿದ್ದಳೋ! ಕೈಯಲ್ಲಿ ಅಂಥ ಕಸುಬಿದ್ದೂ ಬಾಲ ಅಲ್ಲಾಡಿಸುವವನನ್ನು ಕಂಡರೆ ಮೈ ಉರಿಯುತ್ತದೆ.

ಈ ಸಲ ಬಂದ ಫುಫಿಡಿಯಸ್ ಆಸೆ ಹುಟ್ಟಿಸಿದ. "ಹೊಸ ವರ್ಷಕ್ಕೆ ಜಾನಸ್ ದೇವರ ನಾಣ್ಯ ಬೇಕು ಕಣೋ. ಚೆನ್ನಾಗಿ ಬಂದ್ರೆ ನಿನಗೆ ಬಿಡುಗಡೆ."

ಜಾನಸನಿಗೆ ಎರಡು ಮುಖ. ಹಿಲಾರಸ್ ಎರಡಕ್ಕೂ ಫುಫಿಡಿಯಸನ ಗಿಣಿಮೂಗನ್ನೇ ಇಟ್ಟ. ಟಂಕಸಾಲೆಯಲ್ಲೇ ಕಸ ಗುಡಿಸುತ್ತಿದ್ದ ಹೆಂಡತಿ ಪ್ರಿಮಿಲ್ಲಾ ಅದನ್ನು ನೋಡಿ ಹೌಹಾರಿದಳು.

"ಬದುಕಿರೋರ ಮುಖ ನಾಣ್ಯದ ಮೇಲೆ ಯಾರಾದ್ರೂ ಹಾಕ್ತಾರಾ? ರಾಜ ಆಗೋಕೆ ಹೊರಟಿದಾನೆ ಅಂತಾರೆ ಅವನನ್ನ. ಅಳಿಸು!"

"ಗಡ್ಡ ಕೆತ್ತಿದೀನಲ್ಲೇ. ಅವರಿಗೊಬ್ಬರಿಗೆ ಗೊತ್ತಾದ್ರೆ ಸಾಕು."

ಊರಿಗೆಲ್ಲ ಗೊತ್ತಾಯಿತು. ಹೊಸ ವರ್ಷದ ದಿನ ಅಂಜೂರ, ಜೇನಿನ ಜೊತೆ ಜಾನಸನ ನಾಣ್ಯ ಕೊಡುವುದು ರೂಢಿ. ಫುಫಿಡಿಯಸ್ ಊರನ್ನಾಳುವ ಸಭೆಯ ಹಿರಿಯರ ಮನೆಮನೆಗೂ ಕಳಿಸಿದ್ದ. ಒಂದು ಬದಿ ದೇವರು, ಇನ್ನೊಂದು ಬದಿ ಹಡಗು. ನಾಣ್ಯ ಚಿಮ್ಮುವಾಗ "ತಲೆಯೋ ಹಡಗೋ" ಎನ್ನುತ್ತಿದ್ದ ಬೀದಿಯ ಜನ ಸಂಜೆಯೊಳಗೆ "ಫುಫಿಡಿಯಸ್ಸೋ ಹಡಗೋ" ಎನ್ನತೊಡಗಿದರು.

ಮರುದಿನ ಹಿರಿಯರು ಟಂಕಸಾಲೆಗೇ ಬಂದು ನಿಂತರು. ಫುಫಿಡಿಯಸ್ ಹಿಲಾರಸನತ್ತ ಬೆರಳು ತೋರಿಸಿದ.

"ನನ್ನ ಮುಖವಾ? ಈ ಗುಲಾಮ ತನ್ನ ಮುಖಾನೇ ದೇವರಿಗೆ ಅಂಟಿಸಿದಾನೆ! ಹೌದೇನೋ?"

ಚಪ್ಪಟೆ ಮೂಗಿನ ಹಿಲಾರಸ್ ತಲೆ ಬಗ್ಗಿಸಿದ. "ಹೌದು ಒಡೆಯಾ, ನನ್ನದೇ."

ಗಿಣಿಮೂಗು ಕಣ್ಣೆದುರೇ ಇತ್ತು. ಆದರೂ ರಗಳೆ ಮುಗಿದರೆ ಸಾಕೆಂದು ಹಿರಿಯರು ತಲೆಯಾಡಿಸಿದರು. ಒಬ್ಬರಿಗಾದರೂ ನಾಚಿಕೆ ಇದ್ದಿದ್ದರೆ ಕೇಳಿ! ಹಿಲಾರಸನಿಗೆ ಬಿಡುಗಡೆಯ ಬದಲು ತಾಮ್ರದ ಗಣಿ ಸಿಕ್ಕಿತು.

ಸರಪಳಿ ಬಿಗಿಯುವಾಗ ಪ್ರಿಮಿಲ್ಲಾ ಕೇಳಿದಳು, "ಹೌದು ಅಂತ ಯಾಕಂದೆ?"

"ಒಡೆಯರೇ ಹಾಗಂದ ಮೇಲೆ ಅಲ್ಲ ಅನ್ನೋಕಾಗುತ್ತೇನೆ?" ಎಂದ ಹಿಲಾರಸ್. ಆಮೇಲೆ ದನಿ ತಗ್ಗಿಸಿ ಕೇಳಿದ, "ಅವರಿಗೆ ನನ್ನ ಮೇಲೆ ಬೇಜಾರಿಲ್ಲ ತಾನೇ?"