ಕಹಳೆಯಕ್ಕನ ಮೂರನೆಯ ಕೂಗು

ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗುವ ಹೆಂಗಸನ್ನು ವಕೀಲರಿಂದ ಹಿಡಿದು ಟೀ ತರುವವನವರೆಗೆ ಎಲ್ಲರೂ ಕಹಳೆಯಕ್ಕ ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಅವಳ ಗಂಟಲೇ ಅಂಥದ್ದು. ಮನೆಯಲ್ಲಿ ಅವಳು ಮಗುವಿಗೆ ಲಾಲಿ ಹಾಡಿದರೆ ಮಗು ಮಲಗುವುದಿರಲಿ, ಪಕ್ಕದ ಮನೆಯ ಎರಡು ಮಕ್ಕಳೂ ಎದ್ದು ಕೂರುತ್ತಿದ್ದವು. "ನೀನು ಸುಮ್ನೆ ತಟ್ಟು ಸಾಕು ತಾಯಿ, ಹಾಡೋದು ನನಗೆ ಬಿಡು" ಎಂದು ಅತ್ತೆ ಕೈಮುಗಿದಿದ್ದರು. ಕೆಲಸಕ್ಕೆ ಆರಿಸುವ ದಿನ, ಎಲ್ಲಿ ಒಂದು ಸಲ ಕೂಗು ನೋಡೋಣ ಎಂದರು. ಕೂಗಿದಳು. ಗೇಟಿನಾಚೆ ಸೈಕಲ್ ಮೇಲೆ ಹೋಗುತ್ತಿದ್ದ ಯಾರೋ ಗಕ್ಕನೆ ಕಾಲೂರಿ, "ನಾನೇನು ಮಾಡ್ದೆ?" ಎಂದ. ಕೆಲಸ ಅಲ್ಲಿಗೇ ಖಾಯಂ ಆಯಿತು.

ಪ್ರತಿ ಹೆಸರನ್ನೂ ಮೂರು ಸಲ ಕೂಗಬೇಕು. ಮೂರನೆಯದಕ್ಕೂ ಆರೋಪಿ ಬರದಿದ್ದರೆ ಜಾಮೀನು ರದ್ದು, ವಾರಂಟು, ಸಿಕ್ಕ ಕೂಡಲೇ ಜೈಲು. ಆದರೆ ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಬಿಡಬೇಕು ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಆ ಬರೆಯದ ಹೊತ್ತೆಲ್ಲ ಕಹಳೆಯಕ್ಕನದು. ಮೊದಲ ಕೂಗು ಗೇಟಿನ ಕಡೆಗೆ, ಎರಡನೆಯದು ಮೆಟ್ಟಿಲ ಕಡೆಗೆ. ಆಮೇಲೆ ಕೆಮ್ಮುವಳು, ಸೆರಗು ಸರಿಮಾಡಿಕೊಳ್ಳುವಳು, ಜೆರಾಕ್ಸ್ ಅಂಗಡಿಯ ಕಡೆ ಕಣ್ಣು ಹಾಯಿಸುವಳು. ಯಾರಾದರೂ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತುತ್ತಿದ್ದರೆ, ಅವರು ಮೇಲೆ ಮುಟ್ಟುವವರೆಗೂ ಮೂರನೆಯ ಕೂಗಿನ ಮೊದಲ ಅಕ್ಷರವನ್ನೇ ಎಳೆಯುತ್ತಿದ್ದಳು.

"ಅಕ್ಕಾ, ಹೆಸರು ಕೂಗ್ತಿದ್ದೀಯೋ, ಸಂಗೀತ ಕಛೇರಿ ಮಾಡ್ತಿದ್ದೀಯೋ?" ಎಂದು ಗುಮಾಸ್ತರು ಛೇಡಿಸುತ್ತಿದ್ದರು.

"ಉಸಿರು ಸಾಲಲ್ಲ ಸರ್. ವಯಸ್ಸಾಯ್ತಲ್ಲ."

ಆಗ ಅವಳಿಗೆ ಮೂವತ್ತೆರಡು.

ಒಂದು ದಿನ ಕಟಿಂಗ್ ಶಾಪಿನವನೊಬ್ಬನ ಸರದಿ ಬಂತು. ಬೀದಿ ನಲ್ಲಿಯ ಹತ್ತಿರ ಜಗಳವಾಗಿ ಪಕ್ಕದ ಮನೆಯವನಿಗೆ ಬಕೆಟ್ಟಿನಲ್ಲಿ ಬಾರಿಸಿದ್ದ, ಚಿಲ್ಲರೆ ಕೇಸು. ಜಾಮೀನಿನ ಮೇಲೆ ಹೊರಗಿದ್ದವನು ಹಿಂದಿನ ತಾರೀಖಿಗೆ ಬರಲೇ ಇಲ್ಲ. ಬಾರದೇ ಹೋದದ್ದೇ ಇನ್ನೊಂದು ಕೇಸಾಯಿತು, ಅದು ಬಕೆಟ್ಟಿನದಕ್ಕಿಂತ ದೊಡ್ಡದು. ಮರುದಿನ ತಾನಾಗಿಯೇ ಓಡಿಬಂದು ಕೈಮುಗಿದು ನಿಂತಾಗ ಜಡ್ಜ್ ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಯಾಕೆ ಬರ್ಲಿಲ್ಲ ಅಂತ ಮುಂದಿನ ತಾರೀಖಿಗೆ ಕಾಗದ ತಂದು ತೋರಿಸು. ಅವತ್ತೂ ಕಾಣ್ಲಿಲ್ಲ ಅಂದ್ರೆ ನೇರ ಒಳಗೆ" ಎಂದಿದ್ದರು.

ಬಾರದಿದ್ದ ಕಾರಣಕ್ಕೆ ಈಗ ಮೂರು ವಾರ ವಯಸ್ಸಾಗಿತ್ತು. ಅದು ಹೊರಗಿನ ಬೆಂಚಿನಲ್ಲಿ ಅವನ ಹೆಂಡತಿಯ ಮಡಿಲಲ್ಲಿ ಮಲಗಿ ಬಾಯಿ ಚಪ್ಪರಿಸುತ್ತಿತ್ತು.

ಕಹಳೆಯಕ್ಕ ಮೊದಲ ಸಲ ಕೂಗಿದಳು. ಯಾರೂ ಬರಲಿಲ್ಲ. ಎರಡನೆಯ ಸಲ ಕೂಗಿದಳು. ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ, "ಇದ್ದೀನೀ..." ಎಂದು ಸಣ್ಣಗೆ ಕೇಳಿಸಿತು.

"ಪರಾರಿ ಸರ್! ಹಳೇ ಚಾಳಿ," ಎಂದ ಬಾಗಿಲಲ್ಲಿದ್ದ ಪೇದೆ, ಸಂಭ್ರಮದಿಂದ.

"ಅಯ್ಯೋ, ಪರಾರಿ ಯಾಕಾಗ್ತಾರೆ!" ಹೆಂಡತಿ ಧಡಕ್ಕನೆ ಎದ್ದಳು. "ಮಗು ಅವರ ಬಿಳಿ ಶರ್ಟಿನ ಮೇಲೆ ಕಕ್ಕಿತು. ಒರೆಸೋಕೆ ಎತ್ತಿಕೊಂಡ್ರೆ ಕೆಳಗಡೆಯಿಂದ್ಲೂ ಮಾಡ್ತು. ತೊಳ್ಕೊಂಡು ಬರ್ತೀನಿ ಅಂತ ಹೋದ್ರು."

ಕಹಳೆಯಕ್ಕ ಮೊಗಸಾಲೆಯ ಕೊನೆಗೆ ಓಡಿದಳು. ಶೌಚಾಲಯದ ಬಾಗಿಲು ಒಳಗಿನಿಂದ ದಬದಬ ಎನ್ನುತ್ತಿತ್ತು.

"ಅಕ್ಕಾ, ಚಿಲಕದ ಹಿಡಿ ಕೈಗೇ ಬಂದ್ಬಿಡ್ತು!"

"ಪೊಲೀಸಣ್ಣ, ಒಂದು ಒದೆ ಕೊಡು ಮಾರಾಯ!"

ಪೇದೆ ಎರಡು ಹೆಜ್ಜೆ ಹಿಂದೆ ಸರಿದ. "ಚೆನ್ನಾಗಿ ಹೇಳ್ದೆ! ತಪ್ಪಿಸ್ಕೊಂಡ ಕೇಸಿನವನನ್ನ ಬಾಗಿಲು ಒಡೆದು ಹೊರಗೆ ಬಿಡೋದಾ? ಅದೂ ನಾನು? ಅದೂ ಸರ್ಕಾರಿ ಬಾಗಿಲು?"

ಅಷ್ಟರಲ್ಲಿ ಒಳಗಿನಿಂದ ಸಾಹೇಬರು, "ಮೂರನೇದು ಕೂಗಮ್ಮ, ಹೊತ್ತಾಯ್ತು" ಎಂದರು. ಈಗ ಕೂಗಿದರೆ ಬಾಣಂತಿ ಒಬ್ಬಳೇ ಮಗು ಎತ್ತಿಕೊಂಡು ಮನೆಗೆ ಹೋಗಬೇಕು. ಕಹಳೆಯಕ್ಕ ಏದುಸಿರು ಬಿಡುತ್ತಾ ಹೋಗಿ ಪೀಠದ ಮುಂದೆ ನಿಂತಳು.

"ಕೂಗ್ತೀನಿ ಸ್ವಾಮಿ. ಆದ್ರೆ ಆರೋಪಿ ಬಾತ್‌ರೂಮಲ್ಲಿ ಸಿಕ್ಕಾಕ್ಕೊಂಡಿದ್ದಾನೆ. ಬರೀ ಧ್ವನಿ ಬರ್ತಿದೆ."

"ಧ್ವನಿಗೆಲ್ಲ ಹಾಜರಿ ಹಾಕೋಕಾಗಲ್ಲ. ಆಸಾಮಿ ಕೋರ್ಟಿನ ಕಣ್ಣಿಗೆ ಬೀಳ್ಬೇಕು."

"ಕೋರ್ಟು ಹದಿನೆಂಟು ಹೆಜ್ಜೆ ನಡೆದ್ರೆ ಕಣ್ಣಿಗೆ ಬೀಳ್ತಾನೆ ಸ್ವಾಮಿ," ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಗುಮಾಸ್ತರ ಪೆನ್ನು ಕೈಜಾರಿತು. ಸಾಹೇಬರು ಅವಳನ್ನೊಮ್ಮೆ, ಫ್ಯಾನನ್ನೊಮ್ಮೆ ನೋಡಿದರು. ಆಮೇಲೆ ಕರಿ ಕೋಟು ಕೊಡವಿಕೊಂಡು ಎದ್ದೇಬಿಟ್ಟರು.

"ರಿಜಿಸ್ಟರ್ ತಗೊಂಡು ಬನ್ರೀ."

ಹೊರಟಿತು ಮೆರವಣಿಗೆ! ಮುಂದೆ ಸಾಹೇಬರು, ಹಿಂದೆ ಗುಮಾಸ್ತರು, ಅವರ ಹಿಂದೆ ತಮ್ಮ ಕೇಸು ಬಿಟ್ಟು ಬಂದ ಏಳೆಂಟು ವಕೀಲರು, ಬಾಣಂತಿ, ಮಗು. ಬೇಡಿ ಹಾಕಿಸಿಕೊಂಡು ಕಾಯುತ್ತಿದ್ದ ಕಳ್ಳನೊಬ್ಬ ತನ್ನ ಪೇದೆಯನ್ನೇ ಎಳೆದುಕೊಂಡು ಬಂದ. ಬಾಗಿಲಿಗೆ ಮೊಳದ ದೂರದಲ್ಲಿ ನಿಂತು ಕಹಳೆಯಕ್ಕ ಮೂರನೆಯ ಸಲ ಕೂಗಿದಳು, ಅಭ್ಯಾಸಬಲದಿಂದ ಪೂರ್ತಿ ಗಂಟಲಲ್ಲಿ. ಒಳಗೆ ಮಗ್ಗು ಧಡಾರೆಂದು ಬಿತ್ತು.

"ಇಲ್ಲೇ ಇದ್ದೀನಿ ಅಕ್ಕಾ, ಕಿವಿ ಹೋಯ್ತು!"

"ಕಾಣೋ ಹಾಗೆ ಏನಾದ್ರೂ ತೋರ್ಸಪ್ಪ," ಎಂದರು ಸಾಹೇಬರು.

ಬಾಗಿಲ ಮೇಲಿನ ಕಿಂಡಿಯಿಂದ ನೀರು ತೊಟ್ಟಿಕ್ಕುವ ಒಂದು ಕೈ ಹೊರಬಂದು ಟಾಟಾ ಮಾಡಿತು.

"ಈ ಕೈ ಯಾರದಮ್ಮ?"

"ನಮ್ಮ ಮನೆಯವರದ್ದೇ ಸ್ವಾಮಿ. ಹೆಬ್ಬೆರಳಲ್ಲಿ ಕತ್ತರಿ ಗಾಯ ಇದೆ ನೋಡಿ."

"ಹಾಜರ್ ಅಂತ ಬರ್ಕೊಳ್ಳಿ," ಎಂದ ಸಾಹೇಬರ ಮೀಸೆ ನಡುಗುತ್ತಿತ್ತು.

ಹೆಂಡತಿ ಮಗುವಿನ ಬಟ್ಟೆಚೀಲದ ತಳದಿಂದ ಆಸ್ಪತ್ರೆಯ ಚೀಟಿ ತೆಗೆದು ಕೊಟ್ಟಳು. ತಪ್ಪಿಹೋದ ತಾರೀಖಿನ ದಿನವೇ, ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಹೆಣ್ಣುಮಗು.

"ಅವತ್ತು ಇಲ್ಲಿ ನಿನ್ನ ಹೆಸರು ಕೂಗಿದ್ದೂ ಹನ್ನೊಂದಕ್ಕೇ," ಎಂದರು ಸಾಹೇಬರು ಬಾಗಿಲಿಗೆ.

"ಗೊತ್ತು ಸ್ವಾಮಿ," ಎಂದಿತು ಬಾಗಿಲು. "ಆದ್ರೆ ಅಲ್ಲಿ ಇವಳು ನನ್ನ ಹೆಸರು ಹಿಡಿದು ಅದಕ್ಕಿಂತ ಜೋರಾಗಿ ಕೂಗ್ತಿದ್ಲು."

"ಥೂ, ಎಲ್ಲರ ಮುಂದೆ ಮಾನ ಕಳೀಬೇಡ್ರಿ!" ಎಂದು ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸಾಹೇಬರು ಚೀಟಿಯನ್ನು ಎರಡು ಸಲ ಓದಿ, ನಿಂತಲ್ಲೇ ಗೋಡೆಗೆ ರಿಜಿಸ್ಟರ್ ಒತ್ತಿಕೊಂಡು ಬರೆದರು: ಗೈರುಹಾಜರಿಗೆ ತಕ್ಕ ಕಾರಣವಿದೆ, ಆ ಆರೋಪ ಕೈಬಿಡಲಾಗಿದೆ, ಜಾಮೀನು ಹಾಗೆಯೇ ಮುಂದುವರಿಯುತ್ತದೆ. ಬಕೆಟ್ಟಿನ ಕೇಸು ಮುಂದಿನ ತಿಂಗಳಿಗೆ. ಸಹಿ ಹಾಕಿ, ಗಂಟಲು ಸರಿಮಾಡಿಕೊಂಡು, ಪೀಠದ ಮೇಲಿನ ಗತ್ತಿನಲ್ಲೇ ಹೇಳಿದರು:

"ಸರಿ. ನೀನಿನ್ನು ಹೋಗಬಹುದು."

ಬಾಗಿಲು ಒಳಗಿನಿಂದ ಇನ್ನೊಂದು ಸಲ ದಬದಬ ಎಂದಿತು.

"ನಾನೇನೋ ರೆಡಿ ಸ್ವಾಮಿ. ಬಾಗಿಲಿಗೂ ಒಂದು ಆರ್ಡರ್ ಮಾಡ್ಬಿಡಿ."

ಕಹಳೆಯಕ್ಕ ನಕ್ಕಳು. ಆ ನಗು ಕೇಳಿ ಗೇಟಿನಾಚೆ ಮೂರು ಜನ ನಿಂತು ತಿರುಗಿ ನೋಡಿದರಂತೆ.