ಡಚ್ಚರ ಪೊಳ್ಳು ಗುಂಡುಗಳು

ಧಾರವಾಡದ ಸರಕಾರಿ ಹೈಸ್ಕೂಲಿನಲ್ಲಿ ನಾನು ಇತಿಹಾಸ ಕಲಿಸುತ್ತಿದ್ದೆ. ನನಗಿದ್ದ ಹುಚ್ಚು ಒಂದೇ: ಡಚ್ಚರ ಹಳೆಯ ತೋಪು, ಗುಂಡುಗಳನ್ನು ಕೂಡಿಹಾಕುವುದು. ಒಂದು ಮದುವೆಗೆಂದು ವೆಂಗುರ್ಲೆಗೆ ಹೋದಾಗ, ಡಚ್ಚರು ಹಿಂದೆ ವ್ಯಾಪಾರಕ್ಕೆಂದು ಕಟ್ಟಿದ್ದ ಪಾಳು ಕೋಠಿಯ ಪಕ್ಕದ ಹಿತ್ತಲಲ್ಲಿ ಎಮ್ಮೆ ಕಟ್ಟುವ ಕಬ್ಬಿಣದ ಗೂಟ ಕಂಡಿತು. ಅಗೆಸಿದರೆ ಅದು ಬಾಯಿ ಮೇಲಾಗಿ ಹೂತಿದ್ದ ಸಣ್ಣ ತೋಪು. ಹಿಂಭಾಗದಲ್ಲಿ ಡಚ್ ಕಂಪನಿಯ ಗುರುತಿತ್ತು. ಹಿತ್ತಲಿನವರು ನಗುತ್ತಲೇ ಕೊಟ್ಟುಬಿಟ್ಟರು.

ಅಲ್ಲಿಂದ ಹತ್ತು ವರ್ಷ ಪ್ರತಿ ಬೇಸಿಗೆ ರಜೆಯಲ್ಲೂ ಕಡಲ ಕಡೆ ಹೋದೆ. ಇನ್ನೊಂದು ತೋಪು, ಹತ್ತಾರು ಗುಂಡುಗಳು ನಮ್ಮ ಪಡಸಾಲೆ ಸೇರಿದವು. ಎಲ್ಲಿ ಸಿಕ್ಕಿತು, ಯಾವುದಕ್ಕೆ ಬಳಸುತ್ತಿದ್ದರು ಎಂದು ಒಂದೊಂದಕ್ಕೂ ಚೀಟಿ ಬರೆದು ಕಟ್ಟುತ್ತಿದ್ದೆ. ಬಂದವರಿಗೆ ಕೂಡಲು ಜಾಗವಿಲ್ಲವೆಂದು ಹೆಂಡತಿ ಗೊಣಗುತ್ತಿದ್ದಳು.

ತುಕ್ಕು ತೆಗೆಯುವ ಕೆಲಸ ನನ್ನಿಂದಾಗುತ್ತಿರಲಿಲ್ಲ. ಅದನ್ನು ಮಾಡುತ್ತಿದ್ದವನು ಹುಬ್ಬಳ್ಳಿಯ ಒಬ್ಬ ಮುಸಲ್ಮಾನ ಮಿಸ್ತ್ರಿ. ಹೊಲಿಗೆ ಯಂತ್ರ, ಸೈಕಲ್ಲು ರಿಪೇರಿ ಮಾಡುವ ಅಂಗಡಿ ಅವನದು. ನಾನು ಅವನನ್ನು ಉಸ್ತಾದ ಎನ್ನುತ್ತಿದ್ದೆ, ಅವನು ನನ್ನನ್ನು ಮಾಸ್ತರ ಎನ್ನುತ್ತಿದ್ದ. ಗುಂಡನ್ನು ವಾರಗಟ್ಟಲೆ ಎಣ್ಣೆಯಲ್ಲಿ ನೆನೆಹಾಕಿ, ಸಣ್ಣ ಉಳಿಯಿಂದ ತುಕ್ಕನ್ನು ಹಳಕು ಹಳಕಾಗಿ ಎಬ್ಬಿಸುತ್ತಿದ್ದ. ಒಮ್ಮೆ ಒಂದು ಗುಂಡಿನ ಮೇಲೆ ಬೆರಳಾಡಿಸಿ, ಇದನ್ನು ಎರಕ ಹೊಯ್ದವ ಬಹಳ ಅವಸರದಲ್ಲಿದ್ದ, ಅಚ್ಚಿನ ಎರಡು ಹೋಳು ಸರಿಯಾಗಿ ಕೂಡಿಲ್ಲ ಎಂದು ತೋರಿಸಿದ. ಆ ಗೆರೆ ಎರಡು ವರ್ಷದಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಚಲೇಜಾವ್ ಚಳವಳಿಯ ವರ್ಷ ಮೀನುಗಾರರೊಬ್ಬರ ಮನೆಯಿಂದ ನನಗೆ ಎರಡು ಪೊಳ್ಳು ಗುಂಡುಗಳು ಸಿಕ್ಕವು. ಒಳಗೆ ಮದ್ದು ತುಂಬಿ ಹಾರಿಸುವಂಥವು. ಒಳಗಿದ್ದದ್ದು ಬರೀ ಮರಳು. ಶಾಲೆಯ ಪ್ರದರ್ಶನಕ್ಕೆ ಇಡಬೇಕೆಂದು, ‘ಡಚ್ಚರ ಬಾಂಬು’ ಎಂದು ಚೀಟಿ ಕಟ್ಟಿ ಉಸ್ತಾದನಿಗೆ ಕೊಟ್ಟುಬಂದೆ. ಆಗ ದಿನಾ ಒಂದಲ್ಲ ಒಂದು ಕಡೆ ತಂತಿ ಕಡಿಯುತ್ತಿದ್ದರು, ಟಪಾಲು ಸುಡುತ್ತಿದ್ದರು. ಪೊಲೀಸರು ಕಬ್ಬಿಣದ ಕೆಲಸದ ಅಂಗಡಿಗಳನ್ನೆಲ್ಲ ಶೋಧಿಸುತ್ತ ಬಂದು, ಇವನ ಅಂಗಡಿಯಲ್ಲಿ ಆ ಗುಂಡುಗಳನ್ನು ಕಂಡು ಅವನನ್ನು ಹಿಡಿದೊಯ್ದರು.

ಸುದ್ದಿ ನನಗೆ ಶಾಲೆಯಲ್ಲಿ ಗೊತ್ತಾಯಿತು. ಅಂದೇ ಸಂಜೆ ಹೆಬ್ಬಳ್ಳಿಯವರೊಬ್ಬರ ಚಕ್ಕಡಿ ತರಿಸಿ, ಮನೆಯಲ್ಲಿದ್ದದ್ದನ್ನೆಲ್ಲ ಹೇರಿ, ಮೇಲೆ ಹುಲ್ಲು ಮುಚ್ಚಿ ಕೆಲಗೇರಿ ಕೆರೆಗೆ ಒಯ್ದೆ. ಒಂದೊಂದಾಗಿ ನೀರಿಗೆ ನೂಕಿದೆ. ಸರಕಾರಿ ನೌಕರಿ ಉಳಿದರೆ ಸಾಕೆಂಬ ಒಂದೇ ವಿಚಾರ ನನ್ನ ತಲೆಯಲ್ಲಿತ್ತು.

ಮರುದಿನ ಹುಬ್ಬಳ್ಳಿಯ ಠಾಣೆಯಿಂದ ಕರೆ ಬಂತು. ಮೇಜಿನ ಮೇಲೆ ಆ ಎರಡು ಗುಂಡುಗಳಿದ್ದವು. ಉಸ್ತಾದ ಗೋಡೆಗೆ ಒರಗಿ ನಿಂತಿದ್ದ. ಒಂದು ಕಣ್ಣು ಬಾತುಕೊಂಡಿತ್ತು. ನನ್ನನ್ನು ಕಂಡು ಅವನ ಮುಖಕ್ಕೆ ಜೀವ ಬಂತು. ಫೌಜದಾರರು ಮರ್ಯಾದೆಯಿಂದಲೇ ಕೇಳಿದರು.

“ಇವು ನಿಮ್ಮವಂತ. ಖರೇ ಏನ್ರಿ?”

“ಅಲ್ರಿ. ನಾ ಇವನ್ನ ನೋಡೇ ಇಲ್ಲ,” ಎಂದೆ.

ಉಸ್ತಾದ ಮೆಲ್ಲಗೆ ಹೇಳಿದ: “ಚೀಟಿ ನಿಮ್ಮ ಅಕ್ಷರದಾಗ ಐತ್ರಿ, ಮಾಸ್ತರ.”

“ಸಾಲಿ ಕಲತವರ ಅಕ್ಷರ ಎಲ್ಲಾ ಒಂದ ನಮೂನಿ ಇರ್ತಾವ,” ಎಂದೆ. ಅವನಿಗಲ್ಲ, ಫೌಜದಾರರಿಗೆ.

ಅವರು ನನ್ನ ಕೈಗೆ ಒಂದು ಹಾಳೆ ಕೊಟ್ಟು ಬರೆಯಿರಿ ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಕೊಡಲಿಲ್ಲ. ಅಂದು ಅವರಿಗೆ ಒಬ್ಬ ಆರೋಪಿ ಬೇಕಿತ್ತು, ಸಿಕ್ಕಿದ್ದ. ನನಗೆ ಚಹಾ ತರಿಸಿದರು. ಕುಡಿದೆ.

ಎರಡು ತಿಂಗಳ ಮೇಲೆ ಉಸ್ತಾದನ ಹೆಂಡತಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಠಾಣೆಯಲ್ಲಿ ನಡೆದದ್ದು ಅವಳಿಗೆ ತಿಳಿದಿರಲಿಲ್ಲ. ಗಂಡನ ಭೇಟಿಗೆ ಇನ್ನೂ ಬಿಟ್ಟಿರಲಿಲ್ಲ. ನಾನು ಅವನ ದೋಸ್ತ, ಕಲಿತವನು ಎಂದು ನಂಬಿ, ಕಲೆಕ್ಟರರಿಗೆ ಒಂದು ಅರ್ಜಿ ಬರೆದುಕೊಡಿರೆಂದು ಕೇಳಿದಳು. ಬರೆದುಕೊಟ್ಟೆ. ಸದಾ ನೆಟ್ಟಗೆ ಬರೆಯುವ ನಾನು ಅಂದು ಅಕ್ಷರಗಳನ್ನು ಎಡಕ್ಕೆ ವಾಲಿಸಿ, ಒತ್ತುಗಳನ್ನು ಬೇರೆ ನಮೂನೆ ತಿದ್ದಿ ಬರೆದೆ. ಅವಳು ನನ್ನ ಮಕ್ಕಳಿಗೆ ಒಳ್ಳೆಯದಾಗಲೆಂದು ಹರಸಿ ಹೋದಳು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಆ ಅರ್ಜಿಯನ್ನು ನೋಡಿದ್ದಳು. ಹಾಗೇ ಒಳಗೆ ಹೋದಳು. ಪಡಸಾಲೆ ಖಾಲಿಯಾದದ್ದಕ್ಕೆ ಅವಳು ಸಂತೋಷಪಟ್ಟದ್ದನ್ನೂ ನಾನು ಕಾಣಲಿಲ್ಲ.

ವರ್ಷದ ಮೇಲೆ ಅವನನ್ನು ಬಿಟ್ಟರು. ಅಷ್ಟರಲ್ಲಿ ಅಂಗಡಿ ಬೇರೆಯವರ ಪಾಲಾಗಿತ್ತು. ಇನ್ನೊಬ್ಬರ ಕೈಕೆಳಗೆ ಕೆಲಸಕ್ಕೆ ನಿಂತಿದ್ದಾನೆಂದು ಕೇಳಿದೆ. ಹೋಗಬೇಕು ಅಂದುಕೊಳ್ಳುತ್ತಲೇ ತಿಂಗಳುಗಳು ಕಳೆದವು. ಕೊನೆಗೊಂದು ರವಿವಾರ ಹೋದೆ. ಹೊಲಿಗೆ ಯಂತ್ರವೊಂದನ್ನು ಬಿಚ್ಚಿಕೊಂಡು ಕುಳಿತಿದ್ದವನು ತಲೆಯೆತ್ತಿ “ಕುಂದರ್ರಿ, ಮಾಸ್ತರ” ಎಂದ. ಮಕ್ಕಳ ಬಗ್ಗೆ ವಿಚಾರಿಸಿದ. ಮೊದಲು ಒಂದೇ ಕೈಯಿಂದ ತಿರುಗಿಸುತ್ತಿದ್ದ ತಿರುಪು ಮೊಳೆಗೆ ಈಗ ಎರಡೂ ಕೈ ಹಾಕುತ್ತಿದ್ದ.

“ಆವತ್ತು ಠಾಣೇದಾಗ ನಾ…” ಎಂದು ಶುರು ಮಾಡಿದೆ.

ಅವನು ಕೆಲಸ ನಿಲ್ಲಿಸಲಿಲ್ಲ. “ಆ ಮಾತು ಬ್ಯಾಡ್ರಿ. ನೀವು ಹೇಳಿದ್ರ ನಾ ಮಾಫ್ ಮಾಡಬೇಕಾಕ್ಕೈತಿ. ನನಗ ಮನಸಿಲ್ಲ.”

ಅವನು ಯಂತ್ರಕ್ಕೆ ಎಣ್ಣೆ ಬಿಟ್ಟು ಗಾಲಿ ತಿರುಗಿಸಿ ನೋಡಿದ. ಬರುತ್ತೇನೆಂದು ಹೇಳಿ ನಾನು ಎದ್ದೆ. ಧಾರವಾಡದ ಗಾಡಿಗೆ ಇನ್ನೂ ಮೂರು ತಾಸಿತ್ತು. ಊರಲ್ಲಿ ಗೊತ್ತಿದ್ದವರ ಮನೆಗಳು ಬೇಕಾದಷ್ಟಿದ್ದವು. ಆದರೂ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕುಳಿತೆ.