ಬೆಳ್ಳಿಯಣ್ಣನ ಸೀಮೆಸುಣ್ಣದ ಗೆರೆ

ನಾನು ನಿಂತಿದ್ದದ್ದು ಹುಬ್ಬತಲೈಯ ಒಂದು ಟೀ ತೋಟದ ಮೇಲಂಚಿನಲ್ಲಿ, ಹಗ್ಗ ಸುತ್ತುವ ಮೋಟಾರಿನಿಂದ ನಾಲ್ಕು ಹೆಜ್ಜೆ ಎಡಕ್ಕೆ. ಬೆಳಗಿನ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಮಂಜು ಸರಿದು ಇಳಿಜಾರು ತಳದವರೆಗೂ ಕಾಣುತ್ತಿತ್ತು. ಹಾಗಾಗಿ ನನಗೆ ಕಾಣಿಸಲಿಲ್ಲ ಎಂದು ಹೇಳಿಕೊಳ್ಳುವಂತಿಲ್ಲ.

ಅಪಾಯ ಕಂಡವರು ಬೆಳ್ಳಿಯಣ್ಣ. ಟೀ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಆ ಬೆಟ್ಟದ ಬಡಗ ಸಮುದಾಯದವರು. ಕಿವಿಯ ಹಿಂದೆ ಸೀಮೆಸುಣ್ಣ ಸಿಕ್ಕಿಸಿಕೊಳ್ಳುತ್ತಿದ್ದುದರಿಂದ ಎಡಗೆನ್ನೆ ಸದಾ ಬೆಳ್ಳಗಿರುತ್ತಿತ್ತು. ಏನೇ ಬಿಗಿದರೂ ಅದರ ಮೇಲೆ ಅಡ್ಡ ಗೆರೆ ಎಳೆಯುವರು. ಗೆರೆ ಮುರಿದರೆ ಬಿಗಿದದ್ದು ಜಾರಿದೆ ಎಂದರ್ಥ.

"ಅಣ್ಣಾ, ಪೌಡರು ಒಂದೇ ಕೆನ್ನೆಗೆ ಸಾಲ್ತಾ?" ಎಂದು ದಿವ್ಯಾ ರೇಗಿಸುವಳು.

"ಇನ್ನೊಂದು ಕೆನ್ನೆದು ನಿಮ್ಮ ಸಾರ್‌ಗೆ ಇಟ್ಟಿದ್ದೀನಿ ಕೂಸೇ. ಅವರ ಲೆಕ್ಕ ಓದೋಕೆ ಹಗ್ಗಕ್ಕೆ ಬರಲ್ಲ."

ಆ ಸಾರ್ ನಾನು, ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಕಾಲೇಜು ತಂಡಗಳ ವಿನ್ಯಾಸ ಸ್ಪರ್ಧೆಗೆ ನನ್ನ ನಾಲ್ವರು ವಿದ್ಯಾರ್ಥಿಗಳು ಬೆಳ್ಳಿಯಣ್ಣನ ನೆರವಿನಿಂದ, ಕೊಯ್ದ ಎಲೆಯನ್ನು ಕಡಿದಾದ ಇಳಿಜಾರಿನಲ್ಲಿ ಮೇಲಕ್ಕೆಳೆಯುವ ಬಂಡಿ ಕಟ್ಟಿದ್ದರು. ದಿವ್ಯಾ ನಾಯಕಿ. ಅವಳ ಅಮ್ಮ ಮಾದಿಯಮ್ಮ ಇಂಥ ಇಳಿಜಾರುಗಳಲ್ಲೇ ಎಲೆಮೂಟೆ ಹೊತ್ತು ಕತ್ತು ಸವೆಸಿಕೊಂಡವರು. ಎರಡು ವರ್ಷ ಸೋತಿದ್ದ ದಿವ್ಯಾಗೆ ಇದು ಕೊನೆಯ ಅವಕಾಶ. ನಡುವೆ ನಿಲ್ಲಿಸಿದ ಬಂಡಿ ಸ್ಪರ್ಧೆಯಿಂದ ಹೊರಗೆ; ಅದು ನಿಯಮ.

ಉಕ್ಕಿನ ಹಗ್ಗವನ್ನು ಬಂಡಿಯ ಕೊಂಡಿಗೆ ಸುತ್ತಿ, ಮಡಚಿ, ಕ್ಲಾಂಪಿನಿಂದ ಬಿಗಿದಿದ್ದರು; ಕ್ಲಾಂಪಿಗೂ ಹಗ್ಗಕ್ಕೂ ಅಡ್ಡಲಾಗಿ ಬೆಳ್ಳಿಯಣ್ಣ ಗೆರೆ ಎಳೆದಿದ್ದರು. ನಾನು ನೋಡಿ ಸಹಿ ಹಾಕಿದ್ದೆ.

ದಿವ್ಯಾ ಮೋಟಾರಿನ ಸ್ವಿಚ್ ಒತ್ತಿದಳು. ಮಂಜಿನಲ್ಲಿ ನೆಂದ ಎಲೆಯ ಆರು ಮೂಟೆ ಹೊತ್ತು ಬಂಡಿ ಏರತೊಡಗಿತು. ಪಕ್ಕದಲ್ಲೇ ಬೆಳ್ಳಿಯಣ್ಣ ಮರದ ಬೆಣೆ ಹಿಡಿದು, ಗೆರೆಯ ಮೇಲೆ ಕಣ್ಣಿಟ್ಟು ಹತ್ತುತ್ತಿದ್ದರು. ಮಾದಿಯಮ್ಮನೂ ಇನ್ನಿಬ್ಬರು ಎಲೆ ಕೊಯ್ಯುವವರೂ ನೋಡುವ ಆಸೆಗೆ ತಡೆಗೆ ಕಟ್ಟಿದ್ದ ಹಗ್ಗ ದಾಟಿ ಬಂದು ಬಂಡಿಯ ನೇರ ಕೆಳಗೆ ನಿಂತರು.

"ಕೂಸೇ, ನಿಲ್ಸು! ಗೆರೆ ಮುರೀತು!"

ಗೆಲುವಿಗೆ ಹತ್ತಡಿ ಉಳಿದಿತ್ತು. "ಎಳಿ, ಎಳಿ, ಆಗೇ ಹೋಯ್ತು!" ಎಂದು ಕೂಗಿದವನು ನಾನು.

ದಿವ್ಯಾ ನನ್ನತ್ತ ತಿರುಗಿದಳು. ಬೆಳ್ಳಿಯಣ್ಣ ಮತ್ತೆ ಕೂಗಲಿಲ್ಲ. ಬಂಡಿಯ ಕೆಳಗೆ ಯಾರೂ ನಿಲ್ಲಬಾರದು ಎಂದು ಆರು ತಿಂಗಳು ಬೈದವರು, ತಾವೇ ಅದರ ಹಿಂದಕ್ಕೆ ಇಳಿದು, ಮಂಡಿಯೂರಿ, ಬೆಣೆಯನ್ನು ಗಾಲಿಯಡಿ ಒತ್ತಿ ಹಿಡಿದರು. ಅದನ್ನು ನೋಡಿದ್ದೇ ಅವಳು ಸ್ವಿಚ್ ಆರಿಸಿದಳು.

ಹಗ್ಗ ಕ್ಲಾಂಪಿನಿಂದ ಸರ್ರನೆ ಕಳಚಿಕೊಂಡಿತು. ಬಂಡಿ ಒಂದು ಗೇಣು ಹಿಂದೆ ಬಂದು, ಬೆಣೆಯ ಮೇಲೆ ಕೂತು, ನಿಂತಿತು. ಬೆಳ್ಳಿಯಣ್ಣನ ಮುಖಕ್ಕೂ ಗಾಲಿಗೂ ನಡುವೆ ಅಂಗೈಯಷ್ಟು ಜಾಗ.

ನಾವು ಹೊರಗಾದೆವು.

ಕ್ಲಾಂಪನ್ನು ಕೈಯಲ್ಲಿ ತಿರುಗಿಸಿ ನೋಡಿ ಬೆಳ್ಳಿಯಣ್ಣ ಮೆಲ್ಲಗೆ ಹೇಳಿದರು: "ತಿರುಗುಮುರುಗು ಹಾಕಿದ್ದಾರೆ ಸಾರ್. ಭಾರ ಹೊರೋ ಹಗ್ಗದ ಎಳೆ ಜಜ್ಜಿ ಹೋಗಿದೆ. ಗೆರೆ ಎಳೆದವನು ನಾನು, ನಂಗೂ ಕಾಣ್ಲಿಲ್ಲ."

ತಪ್ಪು ನನ್ನದಾಗಿತ್ತು. ಅವರು ಅದರಲ್ಲಿ ಅರ್ಧ ತೆಗೆದುಕೊಂಡರು. ನನ್ನ ಕೂಗಿನ ಬಗ್ಗೆ ಅಂದೂ ಆಮೇಲೂ ಒಂದು ಮಾತು ಆಡಲಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು.

ಇದನ್ನು ಕಂಡವರಲ್ಲಿ ದಿವ್ಯಾ ಇದ್ದಾಳೆ. ನಾನಿದ್ದೇನೆ. ಕೆಳಗೆ ನಿಂತಿದ್ದ ಲಕ್ಷ್ಮಿ ಇದ್ದಾರೆ, ಕಮಲಾ ಇದ್ದಾರೆ, ಮಾದಿಯಮ್ಮ ಇದ್ದಾರೆ.